ಸುಳ್ಳಾಗ್ಲಿ ಅಂತಾನೇ ಹೇಳಿದ ಭವಿಷ್ಯ

ಯುಗಾದಿ ಬಂತಂದ್ರೆ ನಮ್ ಬೆಂಗ್ಳೂರಿನ ಟಿವಿ ಸ್ಟುಡಿಯೋಗಳಲ್ಲಿ ಭವಿಷ್ಯದ ಸುಗ್ಗಿ. ಯಾವ ಸರ್ಕಾರ ಬೀಳುತ್ತೆ, ಯಾವ ರಾಶಿಗೆ ದುಡ್ಡು, ಮಳೆ ಹೆಂಗೆ. ಮೈಲಾರದ ಕಾರಣಿಕನೂ ಬಿಡಲ್ಲ, 2024ರಲ್ಲಿ ಗೊರವಯ್ಯ ಬಿಲ್ಲು ಹತ್ತಿ "ಸಂಪಾಯಿತಲೇ ಪರಾಕ್" ಅಂದಿದ್ದೇ ತಡ, ಮಳೆ ಬೆಳೆ ಎಲೆಕ್ಷನ್ ಎಲ್ಲಾ ಅದ್ರೊಳಗೇ ಹುಡುಕಿದ್ದೇ ಹುಡುಕಿದ್ದು. ಇದನ್ನೆಲ್ಲಾ ನೋಡಿ ನೋಡಿ ಪ್ರವಾದಿ ಅಂದ್ರೂ ಮುಂದಾಗೋದು ಹೇಳೋನು ಅಂತ ನಮ್ ತಲೇಲಿ ಕೂತ್ಬಿಟ್ಟಿದೆ. ನನ್ ಪ್ರಕಾರ ಅವನ ಕಸುಬೇ ಬೇರೆ.

ಬೈಬಲ್ಲಿನ ಆಮೋಸನ್ನ ತಗೊಳಿ. ಕ್ರಿಸ್ತಪೂರ್ವ 8ನೇ ಶತಮಾನ, ತೆಕೋವದಲ್ಲಿ ಕುರಿ ಕಾಯ್ಕೊಂಡು ಅತ್ತಿಮರ ನೋಡ್ಕೊಂಡಿದ್ದೋನು, ನಾನು ಪ್ರವಾದಿನೂ ಅಲ್ಲ ಪ್ರವಾದಿ ಮಗನೂ ಅಲ್ಲ ಅಂತ ಅವನೇ ಹೇಳ್ಕೊಂಡಿದಾನೆ. ಬಡವನ್ನ ಒಂದ್ ಜೊತೆ ಚಪ್ಪಲಿಗೆ ಮಾರ್ಕೊಂಡ್ರಲ್ರೋ, ನಿಮ್ ಹಬ್ಬಾನೂ ಬೇಡ ನಿಮ್ ಹಾಡೂ ಬೇಡ ಅಂತಿದಾನೆ ದೇವ್ರು ಅಂದ. ಬೇತೇಲಿನ ಪೂಜಾರಿ ಅಮಚ್ಯ ಏನಂದ ಗೊತ್ತಾ? ಇದು ರಾಜನ ಗುಡಿ, ಇಲ್ಲಿ ಬಾಯ್ಬಿಡ್ಬೇಡ, ನಿಮ್ಮೂರಿಗ್ ಹೋಗಿ ಅನ್ನ ದುಡ್ಕೋ ಅಂತ! (ಈ ಡೈಲಾಗ್ ಇವತ್ತಿಗೂ ಚೇಂಜ್ ಆಗಿಲ್ಲ.) 12ನೇ ಶತಮಾನದಲ್ಲಿ ಕಲ್ಯಾಣದ ಶರಣರು ಮಾಡಿದ್ದೂ ಆಮೋಸನ ಈ ಕೆಲ್ಸಾನೇ ಅಲ್ವಾ, ಕಾಲಜ್ಞಾನ ಬರೆದೋರಿಗಿಂತ ಬಸವಣ್ಣನೇ ನಂಗೆ ಪ್ರವಾದಿ ಥರ ಕಾಣೋದು, ಬೈಯೋರು ಬೈಕೊಳ್ಳಿ.

ಇನ್ನು ಯೋನ, ಬೈಬಲ್ಲಿನ ಇನ್ನೊಬ್ಬ ಪ್ರವಾದಿ. ದೊಡ್ಡ ಮೀನು ಅವನನ್ನ ನುಂಗಿದ್ದು, ಆ ಮೀನಿನ ಹೊಟ್ಟೆ ಒಂದೇ ಎಲ್ರಿಗೂ ನೆನಪು, ಮಜಾ ಇರೋದು ಆಮೇಲೆ. 40 ದಿನದಲ್ಲಿ ನಿನೆವೆ ಪಟ್ಟಣ ನಾಶ ಅಂತ ಸಾರಿದ, ಜನ ಹೆದರಿ ಉಪವಾಸ ಕೂತ್ರು, ರಾಜ ಸಿಂಹಾಸನ ಬಿಟ್ಟು ಬೂದೀಲಿ ಕೂತ, ದನಗಳಿಗೂ ಗೋಣಿತಟ್ಟು ಹೊದಿಸಿದ್ರು, ದೇವ್ರು ಕರಗಿ ಊರು ಉಳಿಸ್ಬಿಟ್ಟ. ಯೋನನಿಗೋ ಸಿಟ್ಟು, ಊರಾಚೆ ಹೋಗಿ ಮುಖ ಊದಿಸ್ಕೊಂಡು ಕೂತ. ಗಾಂಧಿ ಬಜಾರಲ್ಲಿ ಕಾಫಿ ಕುಡೀತಾ ಇದನ್ನ ಹೇಳ್ದಾಗ ಪಕ್ಕದ್ಮನೆ ಅಂಕಲ್ಲು "ಅಲ್ಲಪ್ಪಾ, ಪ್ರಿಡಿಕ್ಷನ್ನೇ ಫೇಲ್ ಆಯ್ತಲ್ಲ" ಅಂದ್ರು. ಫೇಲ್ ಆಗ್ಲಿ ಅಂತಾನೇ ಕಳ್ಸಿದ್ದು ಅಂಕಲ್, ಆಗೇ ಆಗುತ್ತೆ ಅನ್ನೋದಾಗಿದ್ರೆ ಎಚ್ಚರಿಸೋಕೆ ಮನುಷ್ಯ ಯಾಕೆ ಬೇಕಿತ್ತು?

ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಆಯ್ತು, ಸಂಪಂಗಿ ಕೆರೆ ಕಂಠೀರವ ಸ್ಟೇಡಿಯಂ ಆಯ್ತು, ಉಳಿದಿದ್ದನ್ನಾದ್ರೂ ಮುಚ್ಬೇಡಿ, ಮಳೆನೀರು ಹರಿಯೋ ರಾಜಕಾಲುವೆ ಬಿಡಿ ಅಂತ ಗಂಟಲು ಹರ್ಕೊಂಡೋರನ್ನ ಈ ಊರಲ್ಲಿ ಯಾರೂ ಪ್ರವಾದಿ ಅನ್ಲಿಲ್ಲ, ಡೆವಲಪ್‌ಮೆಂಟ್ ವಿರೋಧಿ ಅಂದ್ರು. 2022ರ ಸೆಪ್ಟೆಂಬರಲ್ಲಿ ಬೆಳ್ಳಂದೂರು ಕಡೆ ಮಳೆನೀರು ನುಗ್ಗಿ ಟೆಕ್ಕಿಗಳು ಟ್ರ್ಯಾಕ್ಟರ್ ಹತ್ಕೊಂಡು ಆಫೀಸಿಗೆ ಹೋದ್ರಲ್ಲ, ಅವತ್ತು ಕೆರೆ ಮುಚ್ಬೇಡಿ ಅಂದೋರು ಹೇಳಿದ್ದು ನಿಜ ಆಯ್ತು. ಯೋನನ ಥರ ಅವ್ರಿಗೂ ಹೇಳಿದ್ದು ಸುಳ್ಳಾಗಿದ್ರೆ ಸಿಟ್ ಬರ್ತಿತ್ತು ಅಂತೀರಾ?