ಎಳೆಗೂಸಿನ ನೋವಿನ ಅಂಕಿಯನ್ನು ಅಮ್ಮನನ್ನು ಕೇಳಿ ಹಾಕಿ

ಇಂಗ್ಲೆಂಡಿನ ಎಮರ್ಜೆನ್ಸಿ ವಿಭಾಗಕ್ಕೆ ಒಂದು ವರ್ಷದ ಮಗು ಬಂದರೆ 15 ನಿಮಿಷದೊಳಗೆ ಅದರ ನೋವನ್ನು ಅಂದಾಜು ಮಾಡಿ ಬರೆಯಬೇಕು ಅನ್ನುವುದು ಇಲ್ಲಿನ ಗುರಿ. ಜ್ವರ, ನಾಡಿ, ಉಸಿರಾಟದ ಜೊತೆಗೆ ನೋವಿಗೂ ಒಂದು ಖಾನೆ ಇರುತ್ತದೆ. ನಮ್ಮ ಕಡೆ, ಆಸ್ಪತ್ರೆಗಳ ಗುಣಮಟ್ಟ ಪರಿಶೀಲಿಸುವ ಎನ್‌ಎಬಿಎಚ್ ಮಂಡಳಿಯ ಮಾನ್ಯತೆ ಪಡೆದ ದೊಡ್ಡ ಆಸ್ಪತ್ರೆಗಳಲ್ಲಿ ಈ ಪದ್ಧತಿ ಬಂದಿದೆ. ಉಳಿದ ಕಡೆ ಅಳುವ ಕೂಸಿಗೆ ಸಿಗುವುದು ಬಹುಮಟ್ಟಿಗೆ ಹಳೆಯ ಉತ್ತರಗಳೇ: ಹಸಿವಿರಬೇಕು, ಹಲ್ಲು ಬರ್ತಿರಬೇಕು, ದೃಷ್ಟಿ ಆಗಿರಬೇಕು. ಆ ಖಾನೆ ನಮ್ಮ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಇರಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಆದರೆ ಇಂಗ್ಲೆಂಡಿನಲ್ಲಿ ಅದನ್ನು ತುಂಬುವ ರೀತಿಯನ್ನು ಕಣ್ಣುಮುಚ್ಚಿ ಅನುಸರಿಸುವುದು ಬೇಡ.

ಮಾತು ಬಾರದ ಮಕ್ಕಳಿಗೆ ಹೆಚ್ಚಾಗಿ ಬಳಸುವುದು ಫ್ಲಾಕ್ ಅಳತೆ. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡು 1997ರಲ್ಲಿ ಪ್ರಕಟವಾಯಿತು. ಮುಖ, ಕಾಲು, ಮೈಯ ಚಲನೆ, ಅಳು, ಸಮಾಧಾನವಾಗುವ ಬಗೆ ಎಂಬ ಐದಕ್ಕೂ 0ಯಿಂದ 2ರವರೆಗೆ ಅಂಕ, ಒಟ್ಟು 10. ಆಗೊಮ್ಮೆ ಈಗೊಮ್ಮೆ ಹುಬ್ಬು ಗಂಟಿಕ್ಕಿದರೆ 1, ಸದಾ ಗಂಟಿಕ್ಕಿ ಗದ್ದ ನಡುಗುತ್ತಿದ್ದರೆ 2. ಕಾಲು ಬಿಗಿಯಾಗಿದ್ದರೆ 1, ಒದೆಯುತ್ತಿದ್ದರೆ ಅಥವಾ ಹೊಟ್ಟೆಯತ್ತ ಎಳೆದುಕೊಂಡಿದ್ದರೆ 2. ಎತ್ತಿಕೊಂಡು ತಟ್ಟಿದಾಗ ಸುಮ್ಮನಾದರೆ 1, ಏನು ಮಾಡಿದರೂ ಸಮಾಧಾನವಾಗದಿದ್ದರೆ 2. ಒಟ್ಟು 1ರಿಂದ 3 ಬಂದರೆ ಸಣ್ಣ ನೋವು, 4ರಿಂದ 6 ಮಧ್ಯಮ, 7 ಅಥವಾ ಹೆಚ್ಚಾದರೆ ತೀವ್ರ. ಹಸುಗೂಸುಗಳಿಗೆ ಬೇರೆ ಅಳತೆಗಳಿವೆ. ಅವುಗಳಲ್ಲೊಂದಾದ ನಿಪ್ಸ್‌ನಲ್ಲಿ ಉಸಿರಾಟ, ತೋಳು, ಎಚ್ಚರದ ಸ್ಥಿತಿಯನ್ನೂ ನೋಡಿ 7ಕ್ಕೆ ಲೆಕ್ಕ ಹಾಕುತ್ತಾರೆ.

ಕೇಳಲು ಸುಲಭ. ತಪ್ಪುವುದು ನೋಡುವುದರಲ್ಲಿ. ಎಚ್ಚರವಿರುವ ಮಗುವನ್ನು ಕನಿಷ್ಠ ಒಂದೆರಡು ನಿಮಿಷ ನೋಡಬೇಕು, ಹೊದಿಕೆ ಸರಿಸಿ ಕಾಲು ನೋಡಬೇಕು, ಮೈ ಮುಟ್ಟಿ ಬಿಗಿ ಇದೆಯೇ ಎಂದು ತಿಳಿಯಬೇಕು. ಬಾಗಿಲಲ್ಲೇ ನಿಂತು, ಹೊದಿಸಿದ ಮಗುವಿನ ಮುಖವೊಂದನ್ನೇ ನೋಡಿ ಬರೆದ ಅಂಕಿಗೆ ಬೆಲೆಯಿಲ್ಲ. ಕೆಲಸದ ಒತ್ತಡ ಹೆಚ್ಚಾದ ವಾರ್ಡಿನಲ್ಲಿ ಹಾಗೆ ಬರೆಯುವುದು ಯಾವ ದೇಶದಲ್ಲೂ ಇದ್ದದ್ದೇ. ಹಸಿವು, ಭಯ, ಒದ್ದೆ ಬಟ್ಟೆಗೂ ಅಂಕ ಏರುತ್ತದೆ. ಆದ್ದರಿಂದ ಹಾಲು ಕುಡಿಸಿ, ಬಟ್ಟೆ ಬದಲಿಸಿ, ಎತ್ತಿಕೊಂಡು ಮತ್ತೆ ನೋಡಬೇಕು. ಇದಕ್ಕಿಂತ ಅಪಾಯದ್ದು ಸುಮ್ಮನೆ ಮಲಗಿದ ಮಗು. ಹೊಟ್ಟೆಯೊಳಗೆ ಸೋಂಕು ಹರಡಿದ ಕೂಸು ಅಲುಗಾಡಿದರೆ ನೋಯುತ್ತದೆಂದು ಅಲುಗಾಡುವುದೇ ಇಲ್ಲ, ಅತ್ತು ಸೋತ ಕೂಸಿಗೆ ಅಳಲು ತ್ರಾಣವಿರುವುದಿಲ್ಲ. ಎರಡಕ್ಕೂ ಅಂಕಿ ಕಡಿಮೆಯೇ ಬರುತ್ತದೆ.

ಕರುಳಿನೊಳಗೆ ಕರುಳು ಸೇರಿಕೊಳ್ಳುವ ಕಾಯಿಲೆಯನ್ನೇ ನೋಡಿ. ಮಗು ಇದ್ದಕ್ಕಿದ್ದಂತೆ ಕಾಲು ಮಡಚಿ ಚೀರುತ್ತದೆ, ಕೆಲವು ನಿಮಿಷದಲ್ಲಿ ತಣ್ಣಗಾಗಿ ಮಂಕಾಗುತ್ತದೆ, ಮತ್ತೆ ಚೀರುತ್ತದೆ. ನರ್ಸ್ ಬಂದದ್ದು ಮಧ್ಯದ ಬಿಡುವಿನಲ್ಲಾದರೆ ಅಂಕಿ 0 ಅಥವಾ 1. ‘ಬಿಟ್ಟು ಬಿಟ್ಟು ಅಳುತ್ತೆ, ಅತ್ತಾಗ ಬೆಳ್ಳಗೆ ಬಿಳಚಿಕೊಳ್ಳುತ್ತೆ’ ಎಂದು ಹೇಳಬಲ್ಲವಳು ತಾಯಿ ಒಬ್ಬಳೇ. ಹಸಿರು ವಾಂತಿಯೋ ಮಲದಲ್ಲಿ ರಕ್ತವೋ ಕಾಣುವವರೆಗೆ ಕಾಯುವುದು ಎಂದರೆ ತಡವಾದಂತೆ. ಕಾಲ್ಬೆರಳಿಗೆ ಕೂದಲು ಸುತ್ತಿಕೊಂಡು ಬೆರಳು ಊದಿರುವುದು, ತೋಳು ಹಿಡಿದು ಎತ್ತಿದ್ದರಿಂದ ಮೊಣಕೈ ಮೂಳೆ ಜಾರಿ ಆ ಕೈ ಆಡಿಸದೆ ಇರುವುದು, ಇಂಥವನ್ನೂ ಮೊದಲು ಗುರುತಿಸುವುದು ಮಗುವಿಗೆ ನೀರು ಹಾಕುವವರು, ಎಣ್ಣೆ ಹಚ್ಚುವವರು. ಬಾಣಂತನ ಮಾಡುವ ಅಜ್ಜಿ ‘ಇದು ಹಸಿವಿನ ಅಳು ಅಲ್ಲ ಕಣವ್ವಾ’ ಎಂದರೆ ಅದನ್ನು ಕೇಸ್ ಶೀಟಿನಲ್ಲಿ ಬರೆದುಕೊಳ್ಳಬೇಕು. ಬುದ್ಧಿಯ ಬೆಳವಣಿಗೆ ಕುಂಠಿತವಾದ ಮಕ್ಕಳಿಗೆಂದು ತಿದ್ದಿದ ಫ್ಲಾಕ್‌ನಲ್ಲಿ ಹೆತ್ತವರು ಹೇಳಿದ ನೋವಿನ ಲಕ್ಷಣಗಳನ್ನು ಸೇರಿಸಲು ಅವಕಾಶವಿದೆ. ಎಲ್ಲ ಮಕ್ಕಳಿಗೂ ಅದೇ ರೀತಿ ಏಕಾಗಬಾರದು?

ಪಶ್ಚಿಮದವರು ಮೊದಲಿನಿಂದಲೂ ಹೀಗಿದ್ದರು ಎಂದುಕೊಳ್ಳಬೇಡಿ. 1980ರ ದಶಕದವರೆಗೂ ಹಸುಗೂಸುಗಳಿಗೆ ಸ್ನಾಯು ಸಡಿಲಿಸುವ ಔಷಧಿ ಕೊಟ್ಟು, ನೋವಿಗೆ ಸಾಕಷ್ಟು ಏನೂ ಕೊಡದೆ ಶಸ್ತ್ರಚಿಕಿತ್ಸೆ ಮಾಡಿದ್ದುಂಟು. ಆಕ್ಸ್‌ಫರ್ಡಿನಲ್ಲಿದ್ದ ಭಾರತ ಮೂಲದ ಕನ್ವಲ್‌ಜೀತ್ ಆನಂದ್ ಮತ್ತು ಸಂಗಡಿಗರು 1987ರಲ್ಲಿ, ಫೆಂಟನಿಲ್ ಎಂಬ ಪ್ರಬಲ ನೋವುನಿವಾರಕ ಪಡೆದ ಅವಧಿಪೂರ್ವ ಶಿಶುಗಳ ದೇಹ ಶಸ್ತ್ರಚಿಕಿತ್ಸೆಯ ಆಘಾತವನ್ನು ಎಷ್ಟೋ ಚೆನ್ನಾಗಿ ತಾಳಿಕೊಳ್ಳುತ್ತದೆ ಎಂದು ತೋರಿಸಿದ ಮೇಲೆಯೇ ಪದ್ಧತಿ ಬದಲಾಗತೊಡಗಿದ್ದು.

ನಮ್ಮಲ್ಲಿ ನನಗೆ ಅತ್ಯಂತ ಬೇಸರ ತರುವುದು ಡ್ರಿಪ್ ಹಾಕುವಾಗ ‘ಅಮ್ಮ ಹೊರಗಿರಿ’ ಎನ್ನುವ ರೂಢಿ. ಐದು ಅಂಶಗಳಲ್ಲಿ ಒಂದು ಸಮಾಧಾನವಾಗುವ ಬಗೆ. ಸಮಾಧಾನ ಮಾಡುವವಳನ್ನೇ ಹೊರಗೆ ಕಳಿಸಿದರೆ ಅದನ್ನು ಅಳೆಯುವುದು ಹೇಗೆ? ಲಸಿಕೆಯ ದಿನವೂ ಅಷ್ಟೆ. ಆರನೇ ವಾರದಲ್ಲಿ ಎರಡು ತೊಡೆಗೂ ತೋಳಿಗೂ ಸೂಜಿ ಬೀಳುತ್ತದೆ. ಬಾಯಿಗೆ ಹಾಕುವ ಹನಿಗಳನ್ನು ಮೊದಲು ಕೊಟ್ಟು, ಮಗು ಮೊಲೆ ಹಿಡಿದು ಚೆನ್ನಾಗಿ ಚೀಪತೊಡಗಿದ ಮೇಲೆ ಚುಚ್ಚಿ, ಮುಗಿದ ಮೇಲೂ ಕುಡಿಯಲು ಬಿಡಬೇಕು. ಹೆಚ್ಚು ಉರಿಯುವ ಸೂಜಿ ಕೊನೆಗೆ. ಹಾಲು ನೆತ್ತಿಗೇರುತ್ತದೆ ಎಂಬ ಭಯ ಅಧ್ಯಯನಗಳಲ್ಲಿ ನಿಜವಾಗಿಲ್ಲ. ಇಂಗ್ಲೆಂಡಿನ ಶಿಶು ಐಸಿಯುಗಳಲ್ಲಿ ಸಣ್ಣ ಚುಚ್ಚುಗಳಿಗೆ ಎರಡು ನಿಮಿಷ ಮೊದಲು ನಾಲಿಗೆಗೆ ಸಕ್ಕರೆ ದ್ರಾವಣದ ಹನಿ ಹಾಕುತ್ತಾರೆ. ಇದನ್ನು ಕೇಳಿ ಮನೆಯಲ್ಲಿ ಜೇನುತುಪ್ಪ ನೆಕ್ಕಿಸಬೇಡಿ. ವರ್ಷ ತುಂಬದ ಮಗುವಿಗೆ ಅದರಿಂದ ಬಾಟ್ಯುಲಿಸಂ ಎಂಬ, ಸ್ನಾಯುಗಳನ್ನು ನಿಶ್ಶಕ್ತಗೊಳಿಸುವ ಅಪಾಯಕಾರಿ ಕಾಯಿಲೆ ಬರಬಹುದು.

ಅಂಕಿ ಹಾಕಿದ ಮೇಲೆ ಔಷಧಿ, ಔಷಧಿಯಾದ ಮೇಲೆ ಮತ್ತೆ ಅಂಕಿ. ಪ್ಯಾರಾಸಿಟಮಾಲ್ ಕಿಲೋ ತೂಕಕ್ಕೆ 15 ಮಿಲಿಗ್ರಾಂ ಎಂದರೆ 6 ಕಿಲೋ ಮಗುವಿಗೆ 90 ಮಿಲಿಗ್ರಾಂ. ನಮ್ಮ ಅಂಗಡಿಗಳಲ್ಲಿ ಸಿಗುವ, 5 ಮಿಲಿಯಲ್ಲಿ 125 ಮಿಲಿಗ್ರಾಂ ಇರುವ ಸಿರಪ್ಪಿನಲ್ಲಿ ಅದು 3.6 ಮಿಲಿ, 1 ಮಿಲಿಯಲ್ಲೇ 100 ಮಿಲಿಗ್ರಾಂ ಇರುವ ಡ್ರಾಪ್ಸ್‌ನಲ್ಲಿ 0.9 ಮಿಲಿ. ಸಿರಪ್ಪಿನ ಲೆಕ್ಕದಲ್ಲಿ ಡ್ರಾಪ್ಸ್ ಕುಡಿಸಿದರೆ ನಾಲ್ಕು ಪಟ್ಟು ಹೋಗುತ್ತದೆ. ಬಾಟಲಿಯ ಮೇಲಿನ ಸಾಂದ್ರತೆ ಓದಿ, ಅದರೊಂದಿಗೆ ಬಂದ ಅಳತೆಯನ್ನೇ ಬಳಸಿ. 24 ಗಂಟೆಯಲ್ಲಿ ನಾಲ್ಕು ಸಲ ಮೀರಬೇಡಿ. ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚು ಜ್ವರವಿದ್ದರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಹೋಗಿ. ಒಂದು ಗಂಟೆಯ ನಂತರವೂ 7 ಇದ್ದದ್ದು 7ರಲ್ಲೇ ಇದ್ದರೆ ಅದೇ ಔಷಧಿ ಮತ್ತೆ ಕೊಡುವುದು ಬಿಟ್ಟು, ಮಗುವಿನ ಬಟ್ಟೆಯನ್ನೆಲ್ಲ ಬಿಚ್ಚಿ ಕಿವಿಯಿಂದ ಕಾಲ್ಬೆರಳಿನವರೆಗೆ ಮತ್ತೊಮ್ಮೆ ಪರೀಕ್ಷಿಸಲು ವೈದ್ಯರನ್ನು ಕರೆಯಬೇಕು.