ಐದಾರು ಗುಲಗಂಜಿ ಜಾಸ್ತಿ

ಮಗನ ಬೇಸಿಗೆ ಶಿಬಿರದಲ್ಲಿ ಕಟ್ಟಿಗೆ ಕಾರಿನ ರೇಸು. ಮೋಟರ್ ಇಲ್ಲ, ಸೆಲ್ ಇಲ್ಲ. ಇಳಿಜಾರು ಹಲಗೆ ಮೇಲಿಂದ ಬಿಟ್ಟರೆ ತಾನೇ ಉರುಳಿ ಬರಬೇಕು. 1953ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸ್ಕೌಟ್ ಮಕ್ಕಳಿಗೆ ಅಂತ ಶುರುವಾದ 'ಪೈನ್‌ವುಡ್ ಡರ್ಬಿ' ಆಟ ಇದು. ಅಲ್ಲಿನ ನಿಯಮವೇ ಕೊಪ್ಪಳಕ್ಕೂ ಬಂದಿತ್ತು: ತೂಕ 5 ಔನ್ಸ್ ದಾಟಬಾರದು. ಅಂದರೆ 141.7 ಗ್ರಾಂ. ಹಾಗಂತ ಹಗುರ ಮಾಡಿದರೂ ಸೋಲು. ಭಾರದ ಕಾರು ಗಾಳಿಯ ತಡೆಗೆ ಅಷ್ಟು ಬೇಗ ಜಗ್ಗುವುದಿಲ್ಲ. ಗೆರೆ ಮುಟ್ಟಬೇಕು, ದಾಟಬಾರದು.

ಕಾರಿನ ಹಿಂಭಾಗಕ್ಕೆ ವಾಷರ್ ತುರುಕಿ, ಎಂಸೀಲ್ ಮೆತ್ತಿ, ಅಡುಗೆಮನೆ ತಕ್ಕಡಿ ಮೇಲಿಟ್ಟೆವು. 138. ಹಿಗ್ಗಿ ಎರಡು ಸಲ ಕೆಂಪು ಬಣ್ಣ ಬಳಿದೆವು. ಬಣ್ಣಕ್ಕೂ ತೂಕ ಇರುತ್ತದೆ ಅಂತ ಹೊಳೆದದ್ದು ಬಳಿದ ಮೇಲೆ. ಮತ್ತೆ ಇಟ್ಟರೆ 141, 143, 140. ಫ್ಯಾನಿನ ಗಾಳಿ! ಮೇ ತಿಂಗಳಲ್ಲಿ ಫ್ಯಾನ್ ಆರಿಸಲು ಮಗ ತಯಾರು, ಅವರಪ್ಪ ತಯಾರಿಲ್ಲ.

ಕಿರಾಣಿ ಅಂಗಡಿಗೆ ಹೋದೆ. 140 ಅಂತ ನಿಂತೇಬಿಟ್ಟಿತು. ಆಮೇಲೆ ಗೊತ್ತಾಯಿತು, ಅದು ಐದೈದು ಗ್ರಾಂ ಹಾರುವ ತಕ್ಕಡಿ. 138 ಇದ್ದರೂ 140, 142 ಇದ್ದರೂ 140. ಬೇಳೆಗೆ ಸಾಕು ಬಿಡಿ.

ಉಳಿದದ್ದು ಬಂಗಾರದ ಕೆಲಸ ಮಾಡುವ ಪತ್ತಾರರ ಅಂಗಡಿ. ಅವರು ಕಾರನ್ನು ತಿರುಗಿಸಿ ಮುರುಗಿಸಿ ನೋಡಿ, ಗಾಜಿನ ಪೆಟ್ಟಿಗೆಯೊಳಗಿನ ತಟ್ಟೆಗಿಟ್ಟು, ಬಾಗಿಲು ಸರಿಸಿದರು. ಗಾಳಿ ಸುಳಿಯದಂತೆ. 142.38.

"ಐದಾರು ಗುಲಗಂಜಿ ಜಾಸ್ತಿ ಐತ್ರಿ ಅಕ್ಕಾರ. ತೆಗೀಲೇನು?"

ಸಣ್ಣ ಅರ ತಗೊಂಡು ಕಾರಿನ ಹೊಟ್ಟೆ ತಿಕ್ಕಿದರು. ತಿಕ್ಕಿದರು, ತೂಗಿದರು. ಮತ್ತೆ ತಿಕ್ಕಿದರು. 141.66ಕ್ಕೆ ನಿಲ್ಲಿಸಿದರು. ಆಮೇಲೆ ಕೈ ಸುಮ್ಮನಿರಬೇಕಲ್ಲ, ಅಭ್ಯಾಸ! ಮೇಜಿನ ಮೇಲಿನ ಕಟ್ಟಿಗೆ ಪುಡಿಯನ್ನೆಲ್ಲ ಕುಂಚದಿಂದ ಗುಡಿಸಿ, ಗುಲಾಬಿ ಕಾಗದದಲ್ಲಿ ಪೊಟ್ಟಣ ಕಟ್ಟಿ ನನ್ನ ಕೈಗಿಟ್ಟರು. "ನಿಮ್ಮ ಮಾಲ್ರಿ." ಬೇಡ ಅನ್ನಲು ಮನಸ್ಸಾಗಲಿಲ್ಲ. ಪರ್ಸಿಗೆ ಹಾಕಿಕೊಂಡೆ.

ಅದೇ ಹೊತ್ತಿಗೆ ಎದುರುಮನೆಯವರು ಅಂಗಡಿ ಮುಂದೆ ಹಾದುಹೋಗಿದ್ದರು.

ರೇಸಿನ ಕಥೆ ಬೇಗ ಮುಗಿಯುತ್ತದೆ. ಶಿಬಿರದವರ ತಕ್ಕಡಿ ಪ್ಲಾಸ್ಟಿಕ್ ಸ್ಟೂಲಿನ ಮೇಲಿತ್ತು, ಸ್ಟೂಲಿನ ಒಂದು ಕಾಲು ಗಿಡ್ಡ. 142.1 ತೋರಿಸಿತು. ನಾನು ಪತ್ತಾರರ ಹೆಸರು ಹೇಳಿ ವಾದ ಮಾಡಿದೆ. "ಎಲ್ಲರಿಗೂ ಇದೇ ತಕ್ಕಡಿ ಮೇಡಂ" ಅಂದರು. ನ್ಯಾಯವೇ. ಮಗ ಮೊಳೆಯಿಂದ ಹೊಟ್ಟೆ ಕೆರೆದು ಒಳಗೆ ಸೇರಿಸಿದ. ನಾಲ್ಕನೇ ಸ್ಥಾನ ಬಂತು.

ಮನೆಗೆ ಬಂದರೆ ಕುಷ್ಟಗಿಯಿಂದ ಅತ್ತೆ ಬಂದು ಕೂತಿದ್ದರು.

"ಏನವ್ವಾ, ಬಂಗಾರ ಒತ್ತಿ ಇಡೂ ಅಷ್ಟು ತ್ರಾಸ ಬಂತೇನು? ನನಗೊಂದು ಮಾತು ಹೇಳಬಾರದಾ?"

ಎಷ್ಟು ಹೇಳಿದರೂ ನಂಬಲಿಲ್ಲ. ಕಾರು ತೋರಿಸಿದೆ. ಇದನ್ನ ಯಾರು ಪತ್ತಾರರ ಹತ್ತಿರ ತೂಗಸ್ತಾರ ಅಂದರು. ಕೊನೆಗೆ ಪರ್ಸಿನಿಂದ ಗುಲಾಬಿ ಪೊಟ್ಟಣ ತೆಗೆದುಕೊಟ್ಟೆ. ಅತ್ತೆ ಕನ್ನಡಕ ಏರಿಸಿ, ಎರಡೂ ಕೈಯಲ್ಲಿ ಹುಷಾರಾಗಿ ಮಡಿಕೆ ಬಿಡಿಸಿದರು.

ಫ್ಯಾನ್ ಐದರಲ್ಲಿತ್ತು.