ಸಹವಾಸ ಬಿಡು ಎನ್ನುವವರಿಗೆ

ಸಹವಾಸ ದೋಷದಿಂದ ಸನ್ಯಾಸಿ ಕೆಟ್ಟ ಎಂಬ ಗಾದೆಯನ್ನು ಸನ್ಯಾಸಿಗೆ ಹೇಳಿ, ನನ್ನ ತಕರಾರಿಲ್ಲ. ಅವನಿಗೆ ಮಠವಿದೆ, ಹೊತ್ತು ಹೊತ್ತಿಗೆ ಪ್ರಸಾದವಿದೆ. ಮೈಸೂರಿನ ಗ್ರಾಮಾಂತರ ಬಸ್ ನಿಲ್ದಾಣದ ಆಸುಪಾಸಿನಲ್ಲಿ ರಾತ್ರಿ ಕಳೆಯುವ ಹದಿನೇಳು, ಹತ್ತೊಂಬತ್ತರ ಹುಡುಗರಿಗೆ ಅದೇ ಗಾದೆ ಹೇಳುವವರನ್ನು ಕಂಡರೆ ಮಾತ್ರ ಮೈ ಉರಿಯುತ್ತದೆ. ಆ ಗುಂಪು ಬಿಟ್ಟರೆ ಸರಿಹೋಗುತ್ತೀಯ ಎನ್ನುತ್ತಾರೆ. ಬಿಟ್ಟು ಹೋಗುವುದು ಎಲ್ಲಿಗೆ ಸ್ವಾಮಿ?

ನನ್ನದು ಮೊಬೈಲ್ ರಿಪೇರಿ ಅಂಗಡಿ. ಈ ಹುಡುಗರು ನನಗೆ ಪರಿಚಯವಾದದ್ದು ಚಾರ್ಜ್‌ಗೆ ಹಾಕಿಸಿಕೊಳ್ಳಲು ಬಂದು. ಹಗಲಲ್ಲಿ ಮೂಟೆ ಹೊರುತ್ತಾರೆ, ಬಾಟಲಿ, ರಟ್ಟು ಆಯ್ದು ಗುಜರಿಗೆ ಹಾಕುತ್ತಾರೆ, ಮದುವೆಯ ದಿನಗಳಲ್ಲಿ ಛತ್ರದಲ್ಲಿ ಎಲೆ ಎತ್ತುತ್ತಾರೆ. ಯಾವ ಛತ್ರದಲ್ಲಿ ಅಡುಗೆ ಮಿಕ್ಕಿದೆ ಎಂಬ ಸುದ್ದಿ ತರುವುದು ಗುಂಪು. ಮಲಗಿದಾಗ ಚಪ್ಪಲಿ ಕಾಯುವುದು ಗುಂಪು. ಜ್ವರ ಬಂದವನನ್ನು ಕೆ.ಆರ್. ಆಸ್ಪತ್ರೆಗೆ ನಡೆಸಿಕೊಂಡು ಹೋಗುವುದೂ ಅದೇ ಗುಂಪು. ನಶೆಗೆಂದು ಮೂಸಲು ಸೊಲ್ಯೂಷನ್ ಹಚ್ಚಿದ ಬಟ್ಟೆಯನ್ನು ಮುಂದಕ್ಕೆ ಚಾಚುವ ಕೈಯೂ ಅಲ್ಲಿಯದೇ. ಬೇಡ ಎಂದವನು ಆ ರಾತ್ರಿ ಒಬ್ಬಂಟಿ.

ಸೊಲ್ಯೂಷನ್ ಎಂದರೆ ಟ್ಯೂಬಿಗೆ ಪಂಕ್ಚರ್ ಹಾಕುವ ಅಂಟು. ಇಂಥ ಅಂಟುಗಳಲ್ಲಿರುವ ಟಾಲ್ವಿನ್ ಮುಂತಾದ ದ್ರಾವಕಗಳ ಆವಿ ಶ್ವಾಸಕೋಶದಿಂದ ರಕ್ತ ಸೇರಿ ಬಹಳ ಬೇಗ ಮಿದುಳಿಗೆ ಏರುತ್ತದೆ. ಹಸಿವು ಮರೆಯುತ್ತದೆ, ಧನುರ್ಮಾಸದ ಚಳಿ ಮರೆಯುತ್ತದೆ. ಅಷ್ಟೇ ಬೇಗ ಇಳಿಯುವುದರಿಂದ ಮತ್ತೆ ಮತ್ತೆ ಎಳೆಯುತ್ತಾರೆ. ಹೃದಯದ ಬಡಿತ ಹದ ತಪ್ಪಿ, ಮೊದಲ ಸಲ ಎಳೆದವನೇ ಸತ್ತುಬೀಳಬಹುದು. ಏಮ್ಸ್‌ನವರು ಕೇಂದ್ರ ಸರ್ಕಾರಕ್ಕಾಗಿ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ದೊಡ್ಡವರಿಗಿಂತ ಮಕ್ಕಳಲ್ಲೇ ಬಳಕೆಯ ಪ್ರಮಾಣ ಹೆಚ್ಚೆಂದು ಕಂಡದ್ದು ಈ ಮೂಸುವ ಪದಾರ್ಥಗಳಲ್ಲಿ ಮಾತ್ರ. ಮಗುವಿಗೆ ಮದ್ಯ, ತಂಬಾಕು, ಮಾದಕ ವಸ್ತು ಕೊಟ್ಟವನಿಗೆ 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಮಿನಡಿ ಏಳು ವರ್ಷದವರೆಗೆ ಜೈಲು. ಆ ಪಟ್ಟಿಯಲ್ಲಿ ಅಂಟಿನ ಹೆಸರಿಲ್ಲ. ಅದು ಸೈಕಲ್ ಅಂಗಡಿಯ ಸಾಮಾನು, ಯಾರು ಕೇಳಿದರೂ ಸಿಗುತ್ತದೆ.

ಹಾಗಾದರೆ ಗುಂಪು ಒಳ್ಳೆಯದೇ ಎಂದು ನಾನು ವಾದಿಸುತ್ತಿಲ್ಲ. ನಾನು ಹೇಳುವುದು, ಇರುವ ನಂಟನ್ನು ಕತ್ತರಿಸುವುದಕ್ಕಿಂತ ಇನ್ನೊಂದು ನಂಟನ್ನು ಉಳಿಸಿಕೊಡುವುದು ಮೇಲು. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಎರಿಕ್ ರೈಸ್ ಮತ್ತು ಸಂಗಡಿಗರು ಮನೆಯಿಲ್ಲದ ಹದಿಹರೆಯದವರ ಬಗ್ಗೆ ಈ ದಿಕ್ಕಿನಲ್ಲೇ ಅಧ್ಯಯನ ಮಾಡಿ 2011ರಲ್ಲಿ ಪ್ರಕಟಿಸಿದರು. ಇಂಟರ್ನೆಟ್, ಮೊಬೈಲ್ ಮೂಲಕ ಊರಿನಲ್ಲಿರುವ, ನಶೆಯ ಚಟವಿಲ್ಲದ ಹಳೆಯ ಗೆಳೆಯರೊಂದಿಗೋ ಮನೆಯವರೊಂದಿಗೋ ಮಾತು ಉಳಿಸಿಕೊಂಡವರಲ್ಲಿ ಕುಡಿತ ಕಡಿಮೆ ಎಂಬುದು ಅವರ ಒಂದು ಮುಖ್ಯ ಮಾತು. ಮಾತನಾಡಿಸುವಂಥ ಮನೆಯವರು ಇದ್ದವನೇ ಮೊದಲಿನಿಂದ ಸ್ವಲ್ಪ ಸುಖಿಯಾಗಿದ್ದಿರಬಹುದಲ್ಲ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೂ ನನ್ನ ಕೌಂಟರಿನ ಈಚೆಯಿಂದ ನೋಡಿದರೆ ಆ ಮಾತು ಸುಳ್ಳೆನಿಸುವುದಿಲ್ಲ.

ಒಬ್ಬ ಹುಡುಗನಿದ್ದಾನೆ, ಮಂಡ್ಯ ಕಡೆಯವನು. ಮೊಬೈಲ್‌ನ ಗಾಜು ಒಡೆದು, ಮೇಲೆ ಪ್ಯಾಕಿಂಗ್ ಟೇಪು ಅಂಟಿಸಿಕೊಂಡಿದ್ದಾನೆ. ಭಾನುವಾರ ಮಧ್ಯಾಹ್ನ ಅವನ ಅತ್ತೆ ಕರೆ ಮಾಡುತ್ತಾಳೆ. "ಊಟ ಆಯಿತೇನೋ?" ಎಂದು ಕೇಳುತ್ತಾಳೆ, ಇವನು ಆಯಿತು ಎನ್ನುತ್ತಾನೆ, ಆಗಿರಲಿ ಬಿಡಲಿ. ಆ ಕರೆ ಮುಗಿಯುವವರೆಗೆ ಅವನು ಬಟ್ಟೆಯನ್ನು ಮೂಗಿಗೆ ಹಿಡಿಯುವುದಿಲ್ಲ. ನಾಲಿಗೆ ತೊದಲಿದರೆ ಅತ್ತೆಗೆ ಗೊತ್ತಾಗುತ್ತದಂತೆ. ಸಂಜೆಗೆ ಮತ್ತೆ ಶುರು, ಅದನ್ನೂ ಹೇಳಬೇಕು. ವಾರಕ್ಕೆ ಅರ್ಧ ದಿನ, ಬೈಗುಳವಿಲ್ಲದೆ, ಲಾಠಿಯಿಲ್ಲದೆ ಆ ಹೆಂಗಸು ಅವನನ್ನು ಹಿಡಿದು ನಿಲ್ಲಿಸಿದ್ದಾಳೆ.

ಈ ನಂಟು ಕಡಿದುಹೋಗುವುದು ಎಷ್ಟು ಸುಲಭ ಗೊತ್ತೇ? ಮಲಗಿದ್ದಾಗ ಮೊಬೈಲ್ ಕಳುವಾಗುತ್ತದೆ. ಹೊಸ ಸಿಮ್‌ಗೆ ಗುರುತಿನ ಚೀಟಿ ಬೇಕು, ಅದು ಊರಲ್ಲಿದೆ, ಇಲ್ಲವೇ ಕಳೆದ ಚೀಲದಲ್ಲಿತ್ತು. ಅತ್ತೆಯ ನಂಬರು ಬಾಯಿಪಾಠವಿಲ್ಲ. ಅಲ್ಲಿಗೆ ಊರು ಮುಗಿಯಿತು, ಉಳಿದದ್ದು ನಿಲ್ದಾಣ. ಅದಕ್ಕೇ ನಾನು ಚಾರ್ಜ್‌ಗೆ ಬಂದವರಿಗೆಲ್ಲ ಎರಡು ನಂಬರು ಬರೆದುಕೊಡು ಎಂದು ಹೇಳಿ ಒಂದು ಹಳೆಯ ಬಿಲ್ ಪುಸ್ತಕದಲ್ಲಿ ಬರೆಸಿಕೊಳ್ಳುತ್ತೇನೆ. ಎಲ್ಲರೂ ಕೊಡುವುದಿಲ್ಲ. ಮನೆಯಲ್ಲಿ ಹೊಡೆತ ತಿಂದು ಓಡಿಬಂದವನಿಗೆ ಮನೆಯ ನಂಬರು ಕೇಳುವುದೇ ತಪ್ಪು. ಅಂಥವನ ಬಳಿ ಶಾಲೆಯ ಗೆಳೆಯನೊಬ್ಬನ ಹೆಸರು ಕೇಳಿದರೆ ಮುಖ ಸ್ವಲ್ಪ ಸಡಿಲವಾಗುತ್ತದೆ.

ಅದೇ ಮೊಬೈಲ್‌ನಲ್ಲಿ ಗಾಂಜಾ ತರಿಸುತ್ತಾರಲ್ಲ ಎನ್ನುತ್ತೀರಿ. ತರಿಸುತ್ತಾರೆ. ಗಾಂಜಾ ಮಾರುವವನಿಗೆ ಅವರನ್ನು ಹುಡುಕಲು ಮೊಬೈಲೇ ಬೇಕಿಲ್ಲ, ನಡೆದುಕೊಂಡೇ ಬರುತ್ತಾನೆ. ಅತ್ತೆ ಹಾಗೆ ಬರಲಾರಳು.

ನಿಲ್ದಾಣದಿಂದ ಇವರನ್ನು ಎಬ್ಬಿಸಿ ಓಡಿಸುವುದರಿಂದ ಆಗುವುದಿಷ್ಟೇ: ಗುಂಪು ಚದುರುತ್ತದೆ, ಸಾಕು ನಿಲ್ಲಿಸೋ ಎಂದು ಗದರುವ ಹಿರಿಯ ಹುಡುಗ ಒಂದು ಕಡೆ, ಚಿಕ್ಕವನು ಇನ್ನೊಂದು ಕಡೆ. ನಗರದ ವಸತಿರಹಿತರಿಗಾಗಿ ಕೇಂದ್ರದ ಯೋಜನೆಯೇ ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ ನೂರು ಮಂದಿಗೆ ಆಶ್ರಯ ಇರಬೇಕು ಎಂದು ಹೇಳಿತ್ತು. 2011ರ ಜನಗಣತಿಯಲ್ಲೇ ಮೈಸೂರು ಒಂಬತ್ತು ಲಕ್ಷದ ಹತ್ತಿರ ಇತ್ತು, ನೀವೇ ಲೆಕ್ಕ ಹಾಕಿ. ಕಟ್ಟುವಾಗ ಹಾಸಿಗೆಯ ಪಕ್ಕ ಒಂದು ಪ್ಲಗ್, ಮೊಬೈಲ್ ಇಟ್ಟು ಬೀಗ ಹಾಕಲು ಒಂದು ಗೂಡು ಇರಲಿ. ಗೆಳೆಯರು ಮೂವರು ಒಟ್ಟಿಗೆ ಬಂದರೆ ಒಟ್ಟಿಗೆ ಮಲಗಲು ಬಿಡಲಿ. ಹದಿನೆಂಟು ತುಂಬದವರು ಕಂಡರೆ 1098ಕ್ಕೆ, ವ್ಯಸನ ಬಿಡುವ ಮನಸ್ಸಿರುವವರಿಗಾಗಿ 14446ಕ್ಕೆ ಕರೆ ಮಾಡಬಹುದು. ಕರೆ ಮಾಡಿಕೊಡುವಾಗ ಹುಡುಗನ ಕೈಗೇ ಮೊಬೈಲ್ ಕೊಡಿ, ಅವನ ಕಥೆಯನ್ನು ನೀವು ಹೇಳಲು ಹೋಗಬೇಡಿ.